ಸಭಾಕಾರ್ಯದಲ್ಲಿ ನಮ್ಮ ಹಳೆಯ ವಿದ್ಯಾರ್ಥಿನಿಯರ ಪಾಲು

ಕಳೆದ ಜೂನ್ ತಿಂಗಳಲ್ಲಿ ಶಾಲೆಯು ತೆರೆದ ಮೂರನೆಯ ದಿನ, ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ತನ್ನ ಮಗಳನ್ನು ಎಂಟನೆಯ ಇಯತ್ತೆಗೆ ಸೇರಿಸುವದಕ್ಕಾಗಿ ಬಂದಿದ್ದಳು. ಅವಳನ್ನು ರೋಣ, ನರಗುಂದ, ಗಜೇಂದ್ರಗಡ ಈ ಮೂರು ಊರುಗಳೊಳಗೆ ಒಂದಕ್ಕೆ ಕೊಟ್ಟಿದೆ. ಯಾವ ಊರೆಂಬದನ್ನು ಇಲ್ಲಿ ಹೇಳುವದಿಲ್ಲ. ಶಾಲೆಯಲ್ಲಿದ್ದಾಗ ಬೆಳಗಿನ ಪ್ರಾರ್ಥನೆಯಲ್ಲಿ ಹಾಡನ್ನು ಎತ್ತಿಕೊಡುತ್ತಿದ್ದವಳು ಅವಳೇ. ಈಗಲೂ ಸಭೆಯಲ್ಲಿ ಹಾಡುತ್ತೀಯಷ್ಟೆ ಎಂದು ಕೇಳಿದೆವು. ಅವಳು ನೆಲ ನೋಡಿದಳು. "ಹೋಗೂದ ಬಿಟ್ಟೇನ್ರಿ ಅಕ್ಕಾರ. ಎಲ್ಲಾರೂ ಛಲೋ ಮಾತಾಡಸ್ತಾರ. ಖರೇ, ನಾ ಬೇಕು ಅಂತ ಯಾರೂ ಅನ್ನಲಿಲ್ಲ" ಅಂದಳು.

ಆ ಮಾತು ವರುಷವೆಲ್ಲ ನಮ್ಮ ಕಿವಿಯಲ್ಲಿ ಉಳಿದಿದೆ. ಸಭೆಯವರು ಅವಳನ್ನು ಹೀಯಾಳಿಸಿದ್ದರೆ, ಬಡವಳೆಂದೋ ಹೊರಗಿನವಳೆಂದೋ ದೂರ ಮಾಡಿದ್ದರೆ ನಮಗೆ ಸಿಟ್ಟು ಬರುತ್ತಿತ್ತು. ಸಿಟ್ಟಿಗಾದರೂ ಒಂದು ದಾರಿ ಇರುತ್ತದೆ. ಇಲ್ಲಿ ಅಂಥ ತಪ್ಪು ಯಾರದೂ ಇಲ್ಲ. ಅವರು ಬಾಗಿಲಲ್ಲಿ ಕೈ ಮುಗಿದರು, ಕುಶಲ ಕೇಳಿದರು, ಕ್ರಿಸ್ಮಸ್ ಹಬ್ಬಕ್ಕೆ ಮನೆಗೆ ಕರೆದು ಊಟಕ್ಕೆ ಬಡಿಸಿದರು. ಆದರೆ ಎರಡು ವರುಷಗಳ ಮೇಲೂ ಅವಳು ಅತಿಥಿಯಾಗಿಯೇ ಇದ್ದಳು. ಅತಿಥಿಯು ಎಷ್ಟು ದಿನ ಉಳಿಯುವನು?

ಪ್ರಿಯ ಭಗಿನಿಯರೇ, ಈ ಲೇಖನವನ್ನು ಬರೆಯುವದಕ್ಕೆ ಕಾರಣವಿಷ್ಟೆ. ನಮ್ಮ ಶಾಲೆಯಲ್ಲಿ ಕ್ರೈಸ್ತರಲ್ಲದ ಮನೆತನಗಳ ಬಾಲಿಕೆಯರೂ ಅನೇಕರು ಓದುತ್ತಾರೆ. ಅವರ ಪಾಲಕರು ಇದನ್ನು ನೆರೆಮನೆಯ ಮಾತೆಂದು ಕೇಳಿಕೊಳ್ಳಬೇಕು. ಅವರಿಂದ ನಾವು ಕಲಿತದ್ದೊಂದನ್ನು ಮೊದಲು ಹೇಳುವೆವು. ಗದಗ ಸೀಮೆಯಲ್ಲಿ ಮಠಗಳ ದಾಸೋಹವನ್ನು ನೋಡದವರಾರು? ಜಾತ್ರೆಯ ಕಾಲಕ್ಕೆ ಹಳ್ಳಿಹಳ್ಳಿಗಳಿಂದ ರೊಟ್ಟಿಯ ಬುಟ್ಟಿಗಳು ಬರುತ್ತವೆ. ಮೊದಲನೆಯ ಸಲ ಹೋದವನು ಪಂಕ್ತಿಯಲ್ಲಿ ಕೂತು ಉಣ್ಣುತ್ತಾನೆ. ಮರುವರುಷ ಹೋದರೆ ಯಾರೋ ಒಬ್ಬರು ಅವನ ಕೈಗೆ ಸಾರಿನ ಬಕೀಟು ಕೊಟ್ಟು, "ಆ ಸಾಲಿಗೆ ಬಡಸಪಾ" ಎನ್ನುತ್ತಾರೆ. ಅಂದಿನಿಂದ ಅವನು ಅಲ್ಲಿಯವನು. ನಮ್ಮ ಸಭೆಗಳಲ್ಲಿ ಪಂಕ್ತಿಯೇನೋ ಉಂಟು, ಬಕೀಟು ಕೈ ಬದಲಿಸುವದಿಲ್ಲ.

ಬಂದವರಿಗೆ ಕೆಲಸ ಕೊಡುವ ತನಕ ಸ್ವಾಗತವು ಪೂರ್ತಿಯಾಗುವದಿಲ್ಲವೆಂದು ನಾವು ತಿಳಿಯುತ್ತೇವೆ. ಕೊಡುವವರು ಮರೆತರೆ ಬಂದವಳೇ ಕೇಳಿ ತೆಗೆದುಕೊಳ್ಳತಕ್ಕದ್ದು ಎಂದೂ ತಿಳಿಯುತ್ತೇವೆ. ಈ ಎರಡನೆಯ ಮಾತು ನಮ್ಮ ವಿದ್ಯಾರ್ಥಿನಿಯರಿಗೆ ಕಹಿಯಾದೀತು.

ಸಭೆಯು ಯಾರ ಮನೆತನದ ಸ್ವತ್ತೂ ಅಲ್ಲವೆಂಬದಕ್ಕೆ ಈ ಸೀಮೆಯ ಚರಿತ್ರೆಯೇ ಸಾಕ್ಷಿ. ಬಾಸೆಲ್ ಮಿಷನ್ನಿನವರು ೧೮೩೪ರಲ್ಲಿ ಮಂಗಳೂರಿಗೆ ಬಂದು, ೧೮೩೭ರಲ್ಲಿ ಧಾರವಾಡದಲ್ಲಿಯೂ, ೧೮೩೯ರಲ್ಲಿ ಹುಬ್ಬಳ್ಳಿಯಲ್ಲಿಯೂ, ೧೮೪೧ರಲ್ಲಿ ಬೆಟಗೇರಿಯಲ್ಲಿಯೂ, ೧೮೫೧ರಲ್ಲಿ ಗುಳೇದಗುಡ್ಡದಲ್ಲಿಯೂ ಕೆಲಸವನ್ನು ಆರಂಭಿಸಿದರು. ಕೊನೆಯವೆರಡೂ ನೇಕಾರರ ಊರುಗಳು. ಮೊದಲು ಸಭೆಗೆ ಸೇರಿದವರು ಬಂಧುಬಳಗವನ್ನು ಬಿಟ್ಟು ಬಂದ ಒಂಟಿ ಜನರು. ೧೮೭೬–೭೮ರ ಭೀಕರ ಕ್ಷಾಮದಲ್ಲಿ ಅನಾಥರಾದ ಮಕ್ಕಳನ್ನು ಮಿಷನ್ನಿನ ಅನಾಥಾಲಯಗಳು ಸಾಕಿದವು. ಆ ಮಕ್ಕಳ ಮಕ್ಕಳು ಮುಂದೆ ಸಭೆಗಳಲ್ಲಿ ಹಿರಿಯರಾದರು. ೧೯೧೪ರಲ್ಲಿ ಮಹಾಯುದ್ಧವು ಹುಟ್ಟಿದ ಮೇಲೆ ಸರಕಾರವು ಜರ್ಮನ್ ಮಿಷನರಿಗಳನ್ನು ಸೆರೆಯಲ್ಲಿಟ್ಟು ಆ ಬಳಿಕ ದೇಶದಿಂದ ಕಳುಹಿಸಿಬಿಟ್ಟಿತು. ಆರಾಧನೆ ನಿಲ್ಲಲಿಲ್ಲ. ದೇಶೀಯ ಸಭಾಪಾಲಕರು, ಉಪದೇಶಿಗಳು, ಶಾಲಾ ಮಾಸ್ತರರು, ಮನೆಮನೆಗೆ ಹೋಗುತ್ತಿದ್ದ ಬೈಬಲ್ ಸ್ತ್ರೀಯರು ಅದನ್ನು ಹೊತ್ತು ನಡಿಸಿದರು. ಇಂದು ಈ ಸೀಮೆಯ ಸಭೆಗಳು ದಕ್ಷಿಣ ಭಾರತ ಸಭೆಯ ಕರ್ನಾಟಕ ಉತ್ತರ ಸಭಾಪ್ರಾಂತದಲ್ಲಿವೆ. ಹೀಗೆ ಹೊರಗಿನಿಂದ ಬಂದವರೇ ಕಟ್ಟಿದ ಮನೆಯಲ್ಲಿ ಇವರು ಮೊದಲಿನವರು, ಅವರು ಹಿಂದಿನವರು ಎಂಬ ಎಣಿಕೆ ಯಾವ ನ್ಯಾಯ?

ಆದರೂ ಆ ಎಣಿಕೆ ಉಂಟು. ನಾವು ಕಣ್ಣಾರೆ ಕಂಡಿದ್ದೇವೆ. ನಮ್ಮ ತಪ್ಪನ್ನೂ ಅದರೊಂದಿಗೆ ಹೇಳಬೇಕು. ಶಿಕ್ಷಕಿಯಾಗಿ ಮೊದಲನೆಯ ನೇಮಣೂಕಿನ ಊರಿಗೆ ಹೋದಾಗ ಹೆಚ್ಚು ಕಡಿಮೆ ಎರಡು ವರುಷ ಬಾಗಿಲ ಬಳಿಯ ಬೆಂಚಿನಲ್ಲಿ ಕೂತು, ಆಶೀರ್ವಚನ ಮುಗಿಯುವಷ್ಟರಲ್ಲಿ ಚಪ್ಪಲಿ ಮೆಟ್ಟಿ ಹೊರಡುತ್ತಿದ್ದೆವು. ಆ ಸಭೆಯಲ್ಲಿ ಹಾರ್ಮೋನಿಯಮ್ ಒಂದು ಮನೆತನದ್ದು, ಕಾಣಿಕೆಪೆಟ್ಟಿಗೆಯ ಕೀಲಿಕೈ ಇನ್ನೊಂದು ಮನೆತನದ್ದು, ಅಸಮಾಧಾನ ಮಾತ್ರ ಎಲ್ಲರದು. ನಾವೂ ಅದರಲ್ಲಿ ನಮ್ಮ ಪಾಲನ್ನು ತೆಗೆದುಕೊಂಡು ಮನೆಗೆ ಬರುತ್ತಿದ್ದೆವು. ಒಂದು ರವಿವಾರ ಮಳೆ ಹಿಡಿದು ಹೊರಡಲಾಗಲಿಲ್ಲ. ರವಿವಾರ ಶಾಲೆಯನ್ನು ನಡಿಸುತ್ತಿದ್ದ ಮುದುಕಿಯೊಬ್ಬರು ಹಾಜರಿ ಪುಸ್ತಕವನ್ನು ನಮ್ಮ ಮಡಿಲಲ್ಲಿಟ್ಟು, "ತಂಗಿ, ನನಗ ಕಣ್ಣು ಮಸುಕಾಗ್ಯಾವ. ಹುಡುಗೂರ ಹೆಸರು ಓದಿ ಹೇಳ ಬಾ" ಅಂದರು. ಹನ್ನೊಂದು ಮಕ್ಕಳಿದ್ದವು. ಹೆಸರು ಓದಿದೆವು, ಮುಂದಿನ ವಾರವೂ ಓದಿದೆವು, ಒಬ್ಬ ಹುಡುಗ ಬಾರದಿದ್ದಾಗ ಅವನ ಮನೆಯನ್ನು ಹುಡುಕಿಕೊಂಡು ಹೋದೆವು. ಆ ಊರು ಬಿಡುವ ತನಕ ಆ ಪುಸ್ತಕ ನಮ್ಮ ಕೈಯಲ್ಲಿಯೇ ಇತ್ತು. ಆ ತಾಯಿಯು ಸೂಜಿಗೆ ದಾರ ಪೋಣಿಸುವದನ್ನು ಮುಂದೊಂದು ದಿನ ನಾವು ನೋಡಿದೆವು. ಕಣ್ಣು ಚೆನ್ನಾಗಿಯೇ ಇದ್ದವು.

ಸಭೆಯ ಹಿರಿಯರು ಈ ಸಂಚಿಕೆಯನ್ನು ಓದುವದುಂಟು. ಅವರಲ್ಲಿ ಒಂದು ವಿನಂತಿ. ಹೊಸದಾಗಿ ಬಂದ ಸೊಸೆಗೆ ಮೊದಲನೆಯ ತಿಂಗಳಲ್ಲಿಯೇ ಏನಾದರೊಂದು ಕೆಲಸವನ್ನು ಒಪ್ಪಿಸಿರಿ. ಪಾಠ ಓದುವದಾಗಲಿ, ಬೆಳೆಹಬ್ಬದಲ್ಲಿ ಬಂದ ಜೋಳ ಕಡಲೆಗಳ ಹರಾಜಿನ ಲೆಕ್ಕ ಬರೆಯುವದಾಗಲಿ. ಚಹಾ ಮಾಡುವದೂ ಒಳ್ಳೆಯ ಕೆಲಸವೇ, ನಾವು ಕೀಳೆನ್ನುವದಿಲ್ಲ, ಆದರೆ ಬಿ. ಕಾಂ. ಓದಿದ ಹೆಣ್ಣುಮಗಳಿಗೆ ಹತ್ತು ವರುಷ ಚಹದ ಕಿಟ್ಲಿಯನ್ನೇ ಕೊಡುವದು ದೇವರು ಕೊಟ್ಟದ್ದನ್ನು ಪೋಲು ಮಾಡಿದಂತೆ. ೧೯೪೭ರ ಸಪ್ಟೆಂಬರ ೨೭ರಂದು ಮದ್ರಾಸಿನಲ್ಲಿ ಸ್ಥಾಪಿತವಾದ ನಮ್ಮ ದಕ್ಷಿಣ ಭಾರತ ಸಭೆಯು ೨೦೧೩ರಲ್ಲಿ ನಂದ್ಯಾಲ ಸಭಾಪ್ರಾಂತಕ್ಕೆ ಪುಷ್ಪಲಲಿತಾ ಅವರನ್ನು ಬಿಷಪ್ಪರನ್ನಾಗಿ ಅಭಿಷೇಕಿಸಿತು. ಹೆಣ್ಣುಮಗಳು ಬಿಷಪ್ಪಳಾಗಬಲ್ಲ ಸಭೆಯಲ್ಲಿ ಅವಳ ಕೈಗೆ ಲೆಕ್ಕದ ಪುಸ್ತಕ ಕೊಡಲು ಅಂಜುವದೇಕೆ? ಬಂಗಾರದ ಉಂಗುರದವನಿಗೆ ಒಳ್ಳೆಯ ಆಸನವನ್ನೂ ಬಡವನಿಗೆ ನಿಲ್ಲುವ ಸ್ಥಳವನ್ನೂ ತೋರಿಸುವವರನ್ನು ಯಾಕೋಬನು ತನ್ನ ಪತ್ರಿಕೆಯಲ್ಲಿ ಬಹಳ ಕಟುವಾಗಿ ಗದರಿಸಿದ್ದಾನೆ. ಮುಂದಿನ ಎರಡು ಬೆಂಚುಗಳನ್ನು ನೌಕರಿಯವರಿಗೆ ಬಿಟ್ಟಿರುವ ಸಭೆಗಳು ಆ ಅಧ್ಯಾಯವನ್ನು ಯಾವ ರವಿವಾರ ಓದುತ್ತವೆಯೋ ತಿಳಿಯದು.

ಇನ್ನು ನಮ್ಮ ವಿದ್ಯಾರ್ಥಿನಿಯರ ಕಡೆಗೆ. ನೀವು ಹೋದ ಊರುಗಳಲ್ಲಿ ಕ್ರೈಸ್ತರು ಬಹು ಸ್ವಲ್ಪ. ೨೦೧೧ರ ಜನಗಣತಿಯಂತೆ ಗದಗ ಜಿಲ್ಲೆಯಲ್ಲಿ ನೂರಕ್ಕೆ ಒಬ್ಬರೂ ಆಗುವದಿಲ್ಲ. ಧಾರವಾಡ ಹುಬ್ಬಳ್ಳಿಗಳ ದೊಡ್ಡ ಸಭೆಯಲ್ಲಿ ಒಬ್ಬಳು ಬಾರದಿದ್ದರೆ ಬೆಂಚು ತಿಳಿಯದೆ ಹೋದೀತು. ಹದಿನೈದು ಮನೆಗಳ ಸಭೆಯಲ್ಲಿ ಹಾಗಲ್ಲ. ಅಲ್ಲಿ ನೀವು ಬಿಟ್ಟರೆ ಮಕ್ಕಳಿಗೆ ಕಲಿಸುವವರೇ ಇಲ್ಲದಾಗುವದುಂಟು. ಅಂಥ ಊರಿನಲ್ಲಿ ಸಭಾಪಾಲಕರೂ ವಾರವಾರ ಬರಲಾರರು. ಅವರಿಗೆ ನಾಲ್ಕೈದು ಊರುಗಳಿರುತ್ತವೆ. ಆರಾಧನೆಯನ್ನು ನಡಿಸುವವರು ಮನೆಯ ಜನರೇ. ನೀವು ಹತ್ತು ವರುಷ ನಮ್ಮಲ್ಲಿ ಕಲಿತದ್ದು, ನಾಲ್ಕು ಮಂದಿಯ ಮುಂದೆ ನಿಂತು ತಡವರಿಸದೆ ಓದುವದು, ಸಾಲಾಗಿ ಮಕ್ಕಳನ್ನು ಕೂಡ್ರಿಸುವದು, ಶ್ರುತಿ ಹಿಡಿದು ಹಾಡುವದು, ಇವೆಲ್ಲ ಮತ್ತೆಲ್ಲಿ ಉಪಯೋಗಕ್ಕೆ ಬಂದಾವು?

ಕರೆದರೆ ಹೋಗುವೆ ಎಂಬ ಮಾನವನ್ನು ನಾವು ಬಲ್ಲೆವು. ನಮ್ಮ ಹೆಣ್ಣುಮಕ್ಕಳಿಗೆ ಅದನ್ನು ತವರಿನಲ್ಲಿಯೇ ಕಲಿಸಿ ಕಳುಹಿಸುತ್ತಾರೆ. ಆದರೆ ಫಿಲಿಪ್ಪಿಯ ಲುದ್ಯಳನ್ನು ನೆನೆಯಿರಿ. ಅವಳೂ ಆ ಊರಿನವಳಲ್ಲ. ಥುವತೈರದಿಂದ ಬಂದು ಬೆಲೆಯುಳ್ಳ ಬಣ್ಣದ ಬಟ್ಟೆಯ ವ್ಯಾಪಾರ ಮಾಡುತ್ತಿದ್ದವಳು. ದೀಕ್ಷಾಸ್ನಾನವಾದ ಮೇಲೆ ಅವಳು ಯಾರಾದರೂ ತನ್ನನ್ನು ಕರೆದಾರೆಂದು ಕಾದು ಕೂಡ್ರಲಿಲ್ಲ. ತಾನೇ ಅಪೊಸ್ತಲರನ್ನು ತನ್ನ ಮನೆಗೆ ಬಲವಂತವಾಗಿ ಕರೆದಳು. ಅವರು ಸೆರೆಮನೆಯಿಂದ ಬಿಡುಗಡೆಯಾದಾಗ ಮೊದಲು ಹೋದದ್ದೂ ಅವಳ ಮನೆಗೇ. ನಿನ್ನೆ ಬಂದವಳು ಇಂದು ಮನೆಯೊಡತಿ. ನಾಲ್ಕಾರು ರವಿವಾರ ಹೋಗಿ ನೋಡಿರಿ. ಆ ಬಳಿಕ ಸಭಾಪಾಲಕರ ಹೆಂಡತಿಯನ್ನೋ ಹಿರಿಯರನ್ನೋ ಕಂಡು, ನನ್ನಿಂದ ಇಂಥ ಕೆಲಸವಾದೀತೆಂದು ಕೆಲಸದ ಹೆಸರು ಹೇಳಿ ಕೇಳಿರಿ. "ಏನಾದರೂ ಇದ್ದರೆ ಹೇಳ್ರಿ" ಎಂದರೆ ಏನೂ ಇರುವದಿಲ್ಲ. ಅತ್ತೆಯ ಮನೆಯಲ್ಲಿ ಅಡ್ಡಿಯಿದ್ದವರ ಮಾತು ಬೇರೆ. ಅವರ ಮೇಲೆ ನಾವು ಭಾರ ಹೊರಿಸುವದಿಲ್ಲ.

ಇನ್ನೊಂದು ಮಾತು. ೨೦೨೦ರ ಮಹಾಮಾರಿಯಲ್ಲಿ ದೇವಾಲಯಗಳ ಬಾಗಿಲು ಮುಚ್ಚಿದಾಗ ಮೊಬೈಲಿನಲ್ಲಿ ಬಂದ ಪ್ರಸಂಗಗಳು ನಮಗೆಲ್ಲ ಆಧಾರವಾದವು. ಬಾಗಿಲು ತೆರೆದ ಮೇಲೂ ಕೆಲವರು ಮೊಬೈಲಿನೆದುರಿಗೇ ಉಳಿದಿದ್ದಾರೆ. ದೂರದ ಊರಿನ ಪ್ರಸಂಗ ಇಲ್ಲಿಯದಕ್ಕಿಂತ ಚೆನ್ನಾಗಿರುವದಂತೆ. ಇದ್ದೀತು. ಆದರೆ ಮೊಬೈಲಿನಲ್ಲಿ ಬರುವ ಸಭೆಯು ನೀವು ಬಾಣಂತಿಯಾದಾಗ ಹಾಲು ತರುವದಿಲ್ಲ, ನಿಮ್ಮಿಂದಲೂ ಹಾಲನ್ನು ಬೇಡುವದಿಲ್ಲ.

ಆ ವಿದ್ಯಾರ್ಥಿನಿಗೆ ಜೂನ್ ತಿಂಗಳಲ್ಲಿ ನಾವು ಇಷ್ಟೆಲ್ಲ ಹೇಳಲಿಲ್ಲ. ಪ್ರವೇಶದ ಸಾಲು ಬಾಗಿಲ ತನಕ ನಿಂತಿತ್ತು. ಒಂದು ಹಾಡಿನ ಪುಸ್ತಕವನ್ನು ಮಾತ್ರ ಅವಳ ಕೈಯಲ್ಲಿಟ್ಟೆವು. ದೀಪಾವಳಿ ರಜೆಗೆ ಮಗಳನ್ನು ಕರೆದೊಯ್ಯಲು ಬಂದಾಗ ಪುಸ್ತಕದ ಮಾತನ್ನು ಅವಳೂ ತೆಗೆಯಲಿಲ್ಲ, ನಾವೂ ಕೇಳಲಿಲ್ಲ. ಹೋಗುವಾಗ ಮೆಟ್ಟಿಲ ಮೇಲೆ ನಿಂತು, ರವಿವಾರ ಶಾಲೆಯ ಹಳೆಯ ಚಿತ್ರಪಟಗಳು ಇಲ್ಲಿ ಇನ್ನೂ ಇವೆಯೋ, ಏಳೆಂಟು ಹುಡುಗರಿಗೆ ತೋರಿಸುವಷ್ಟಾದರೆ ಸಾಕು ಎಂದು ಕೇಳಿದಳು. ಹುಡುಕಿ ತೆಗೆದಿದ್ದೇವೆ. ಅಂಚು ಹರಿದವುಗಳಿಗೆ ಒಂಬತ್ತನೆಯ ಇಯತ್ತೆಯ ಬಾಲಿಕೆಯರು ಬಟ್ಟೆ ಅಂಟಿಸಿಕೊಟ್ಟಿದ್ದಾರೆ. ಕಟ್ಟು ಕಚೇರಿಯ ಕಪಾಟಿನ ಮೇಲಿದೆ. ಓದುವವರಲ್ಲಿ ರೋಣ, ನರಗುಂದ, ಗಜೇಂದ್ರಗಡದ ಕಡೆಗೆ ಹೋಗುವವರಿದ್ದರೆ ಒಮ್ಮೆ ಬಂದು ಕೇಳಬೇಕು. ಯಾವ ಊರೆಂಬದನ್ನು ಅವರಿಗೆ ಹೇಳುವೆವು.