ಬ್ಯಾಟಿನ ರಬ್ಬರೂ ಮಕ್ಕಳ ಕೈಯೂ

ಕಳೆದ ವಾರ ನಮ್ಮ ಬೀದಿಯ ತರುಣ ದಂಪತಿಗಳು ಮಗಳನ್ನು ಕರೆದುಕೊಂಡು ಮನೆಗೆ ಬಂದಿದ್ದರು. ಹತ್ತು ವರ್ಷದ ಹುಡುಗಿ. ಟೇಬಲ್ ಟೆನಿಸ್ ತರಬೇತಿಗೆ ಸೇರಿ ನಾಲ್ಕು ತಿಂಗಳಾಗಿದೆಯಂತೆ. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನದ ಜೊತೆಗೆ ಈ ಆಟದ ಉಸ್ತುವಾರಿಯನ್ನೂ ನೋಡಿಕೊಳ್ಳುತ್ತಿದ್ದೆನೆಂದು ಯಾರೋ ಹೇಳಿದ್ದರು. "ಸರ್, ಚೆನ್ನಾಗಿ ಸ್ಪಿನ್ ಆಗುವ ರಬ್ಬರ್ ಯಾವುದು? ದುಡ್ಡಿನ ಚಿಂತೆಯಿಲ್ಲ" ಎಂದರು ತಂದೆ. ದುಡ್ಡಿನ ಚಿಂತೆಯಿಲ್ಲದಿರುವುದೇ ಇಲ್ಲಿ ದೊಡ್ಡ ಅಪಾಯವೆಂದು ಅವರಿಗೆ ಹೇಗೆ ಹೇಳಲಿ?

ರಬ್ಬರಿನ ವಿಷಯದಲ್ಲಿ ಬಹುಮಂದಿ ಗಮನಿಸದ ಸಂಗತಿಯೊಂದಿದೆ. ಚೆಂಡನ್ನು ಬಿಗಿಯಾಗಿ ಹಿಡಿದು ತಿರುಗಿಸುವ ರಬ್ಬರು ಎದುರಾಳಿ ಕಳುಹಿಸಿದ ತಿರುಗಣೆಯನ್ನೂ ಅಷ್ಟೇ ಬಿಗಿಯಾಗಿ ಹಿಡಿಯುತ್ತದೆ. ಮುಮ್ಮುಖವಾಗಿ ಸುತ್ತುತ್ತ ಬಂದ ಚೆಂಡು ಅದರ ಮೇಲೆ ಬಿದ್ದರೆ ಮೇಜು ದಾಟಿ ಹಾರುತ್ತದೆ. ಹಿಮ್ಮುಖವಾಗಿ ಸುತ್ತುತ್ತ ಬಂದದ್ದು ಬಲೆಗೆ ಇಳಿಯುತ್ತದೆ. ಘರ್ಷಣೆಗೆ ನಮ್ಮವರು, ಪರರು ಎಂಬ ಭೇದವಿಲ್ಲ. ಬ್ಯಾಟಿನ ಕೋನವನ್ನು ಕ್ಷಣಾರ್ಧದಲ್ಲಿ ತಿದ್ದಿಕೊಳ್ಳಬಲ್ಲ ಕೈಗೆ ಅಂಥ ರಬ್ಬರು ವರ, ಕಲಿಯುವ ಕೈಗೆ ಶಿಕ್ಷೆ.

ಇನ್ನು ರಬ್ಬರಿನ ಅಡಿಯಲ್ಲಿರುವ ಸ್ಪಾಂಜ್. ಅದು ದಪ್ಪನಾದಷ್ಟೂ ಚೆಂಡು ಒಳಕ್ಕೆ ಇಳಿದು, ಕವಣೆಯಿಂದ ಬಿಟ್ಟ ಕಲ್ಲಿನಂತೆ ಚಿಮ್ಮುತ್ತದೆ. ಬಲವಾಗಿ ಬೀಸಿದಾಗ ವೇಗವೂ ತಿರುಗಣೆಯೂ ಎರಡೂ ದೊರೆಯುತ್ತವೆ, ನಿಜ. ಆದರೆ ಮೆಲ್ಲನೆ ತಳ್ಳಬೇಕೆಂದಾಗಲೂ ಅದು ಚಿಮ್ಮದೆ ಬಿಡುವುದಿಲ್ಲ. ನಿಯಮದ ಪ್ರಕಾರ ರಬ್ಬರು, ಸ್ಪಾಂಜ್, ಅಂಟು ಎಲ್ಲವೂ ಸೇರಿ 4 ಮಿಲಿಮೀಟರ್ ಮೀರಕೂಡದು. ಈ ಮಿತಿಯ ಹಿಂದಿನ ಕಥೆಗೆ ನಮ್ಮ ದೇಶದ ನಂಟೂ ಇದೆ. 1952ರಲ್ಲಿ ಮುಂಬಯಿಯಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಜಪಾನಿನ ಹಿರೋಜಿ ಸಾಟೊ ದಪ್ಪ ಸ್ಪಾಂಜಿನ ಬ್ಯಾಟು ಹಿಡಿದು ಬಂದು ಪುರುಷರ ಸಿಂಗಲ್ಸ್ ಗೆದ್ದರು. ಸದ್ದೇ ಮಾಡದ ಆ ಬ್ಯಾಟಿನ ಎದುರು ಘಟಾನುಘಟಿಗಳು ತಬ್ಬಿಬ್ಬಾದರು. ಆಮೇಲೆ ವಾದವಿವಾದಗಳು ನಡೆದು 1959ರಲ್ಲಿ ದಪ್ಪಕ್ಕೆ ಕಡಿವಾಣ ಬಿತ್ತು.

ಇಷ್ಟೆಲ್ಲ ತಿಳಿದಿದ್ದೂ ನಾನೇ ಒಮ್ಮೆ ಎಡವಿದ್ದೇನೆ. 1994ರ ಸುಮಾರಿನ ಮಾತು. ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಶಾಲೆಯ ಹಳೆಯ ಬ್ಯಾಟು, ಸವೆದ ತೆಳು ರಬ್ಬರು. ಅದರಲ್ಲೇ ಚೆಂಡನ್ನು ಮೇಜಿನ ಮೂಲೆ ಮೂಲೆಗೆ ಇಟ್ಟು ಎದುರಾಳಿಯನ್ನು ಸುಸ್ತು ಮಾಡುತ್ತಿದ್ದ. ತಾಲ್ಲೂಕು ಮಟ್ಟದಲ್ಲಿ ಗೆದ್ದ. ಜಿಲ್ಲಾ ಪಂದ್ಯಕ್ಕೆ ಅವನಿಗೊಂದು ಒಳ್ಳೆಯ ರಬ್ಬರು ಕೊಡಿಸಬೇಕೆಂಬ ಉಮೇದು ನನಗೆ. ಬೆಂಗಳೂರಿಗೆ ಹೋಗುವವರ ಕೈಯಲ್ಲಿ ದುಡ್ಡು ಕೊಟ್ಟು, ಅಂಗಡಿಯಲ್ಲಿದ್ದ ಅತ್ಯಂತ ವೇಗದ, ಅತ್ಯಂತ ದಪ್ಪದ ರಬ್ಬರನ್ನೇ ತರಿಸಿದೆ. ಪಂದ್ಯದ ಹಿಂದಿನ ರಾತ್ರಿ ಸೈಕಲ್ ಪಂಕ್ಚರಿನ ಸೊಲ್ಯೂಷನ್ ಹಚ್ಚಿ ನನ್ನ ಕೈಯಾರೆ ಅಂಟಿಸಿದೆ. ಮರುದಿನ ಅವನು ಮುಟ್ಟಿದ ಚೆಂಡೆಲ್ಲ ಗೋಡೆಗೆ. ಮೊದಲ ಸುತ್ತಿನಲ್ಲೇ ಸೋತು ಬಂದವನು "ಈ ಬ್ಯಾಟು ನಾನು ಹೇಳಿದ್ದು ಕೇಳ್ತಿಲ್ಲ ಸಾರ್" ಎಂದ. ಅಳಲಿಲ್ಲ; ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು. ಹತ್ತನೆಯ ತರಗತಿಗೆ ಬಂದ ಮೇಲೆ ಅವನು ಮೇಜಿನ ಹತ್ತಿರ ಸುಳಿಯಲಿಲ್ಲ. ಓದಿನ ಒತ್ತಡವೆಂದ. ಇರಬಹುದು. ನನಗೆ ಇಂದಿಗೂ ನಂಬಿಕೆಯಿಲ್ಲ.

ಆದುದರಿಂದ ಪೋಷಕರಲ್ಲಿ ನನ್ನ ವಿನಂತಿ ಇಷ್ಟೆ. ಮೊದಲ ಎರಡು ವರ್ಷಗಳಾದರೂ ನುಣುಪು ಮೈಯ ಸಾಧಾರಣ ರಬ್ಬರು, 1.5ರಿಂದ 1.8 ಮಿಲಿಮೀಟರಿನ ಸ್ಪಾಂಜ್, ಎರಡೂ ಬದಿಗೆ ಒಂದೇ ಬಗೆಯದು ಸಾಕು. 1960ರ ದಶಕದಲ್ಲೇ ಬಂದ ಸ್ರೈವರ್, ಮಾರ್ಕ್ ಫೈವ್‌ನಂಥ ಹಳೆಯ ರಬ್ಬರುಗಳ ಮೇಲೆ ತಲೆಮಾರುಗಳೇ ಸ್ಪಿನ್ ಕಲಿತಿವೆ. 2008ರಲ್ಲಿ ಬಂದ ಟೆನರ್ಜಿಯಂಥವು ಪಳಗಿದವರಿಗೆ. ಚೀನಾದ ಅಂಟುಮೈಯ ಹರಿಕೇನ್‌ನ ಸ್ಪಾಂಜೋ ಗಟ್ಟಿ; ಸೊಂಟ, ತೋಳುಗಳ ಬಲ ಸೇರಿದರೆ ಮಾತ್ರ ಅದು ಬಾಯಿ ಬಿಡುತ್ತದೆ. ಮಗುವಿನ ಕೈಯಲ್ಲಿ ಅದು ಬರೀ ಭಾರ.

ಮಣಿಕಾ ಬಾತ್ರಾ ಬ್ಯಾಕ್‌ಹ್ಯಾಂಡ್ ಬದಿಗೆ ಉದ್ದ ಪಿಂಪಲ್‌ಗಳ ರಬ್ಬರು ಹಾಕಿಕೊಂಡೇ 2018ರ ಕಾಮನ್‌ವೆಲ್ತ್ ಕ್ರೀಡಾಕೂಟದ ಚಿನ್ನ ಗೆಲ್ಲಲಿಲ್ಲವೇ ಎಂದು ಕೇಳುವವರಿದ್ದಾರೆ. ಗೆದ್ದರು. ಎದುರಾಳಿಯ ತಿರುಗಣೆಯನ್ನೇ ಹಿಂದಿರುಗಿಸಿ ಗಲಿಬಿಲಿಗೊಳಿಸುವ ಆ ಬದಿಯ ಜೊತೆಗೆ, ಬಿದ್ದ ಸಡಿಲ ಚೆಂಡನ್ನು ಹೊಡೆದು ಮುಗಿಸುವ ಫೋರ್‌ಹ್ಯಾಂಡೂ ಅವರಲ್ಲಿತ್ತು. ಅದನ್ನು ಯಾವ ಅಂಗಡಿಯಲ್ಲೂ ಮಾರುವುದಿಲ್ಲ.

ಇನ್ನೊಂದು ಮಾತು: ದುಬಾರಿ ರಬ್ಬರಿಗಿಂತ ಸ್ವಚ್ಛವಾದ ರಬ್ಬರು ಹೆಚ್ಚು ಹಿಡಿಯುತ್ತದೆ. ಪಾಠ ಮುಗಿಸಿ ಸೀಮೆಸುಣ್ಣದ ಕೈಯಲ್ಲೇ ಬ್ಯಾಟು ಹಿಡಿದು, ಸ್ಪಿನ್ ಬರುತ್ತಿಲ್ಲವೆಂದು ರಬ್ಬರನ್ನು ಬೈದುಕೊಂಡ ಮೇಷ್ಟ್ರು ನಾನು. ಆಟವಾದ ಮೇಲೆ ಒದ್ದೆ ಸ್ಪಾಂಜಿನಿಂದ ಒರೆಸಿ, ಒಣಗಿಸಿ, ಪ್ಲಾಸ್ಟಿಕ್ ಹಾಳೆ ಹೊದಿಸಿಡಬೇಕು. ಬಿಸಿಲಿಗಿಡಬಾರದು.

ಬಂದ ದಂಪತಿಗಳಿಗೆ ಇದನ್ನೆಲ್ಲ ಹೇಳಿದೆ. ತಂದೆಗೆ ಕೊಂಚ ನಿರಾಸೆಯಾದಂತೆ ಕಂಡಿತು. ಹುಡುಗಿ ಮಾತ್ರ ಅಷ್ಟು ಹೊತ್ತು ಸುಮ್ಮನಿದ್ದವಳು, "ಅಜ್ಜ, ಕೆಂಪಿನ ಬದಲು ಗುಲಾಬಿ ಬಣ್ಣದ್ದು ಹಾಕಿಸಬಹುದಾ?" ಎಂದಳು. ಒಂದು ಬದಿ ಕಪ್ಪಿದ್ದರೆ ಸಾಕು. 2021ರಿಂದ ಇನ್ನೊಂದು ಬದಿಗೆ ಗುಲಾಬಿಗೂ ಅನುಮತಿಯಿದೆ. ಧಾರಾಳವಾಗಿ ಹಾಕಿಸು ಎಂದೆ.