ಕಿನ್ನರಿಯರು ಬಿಟ್ಟುಹೋದ ಲೋಟ

ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ ಒಂದು ಗಾಜಿನ ಲೋಟವಿದೆ. ಮೈಮೇಲೆ ಬಣ್ಣದ ಎನಾಮೆಲ್ ಚಿತ್ತಾರ, ಚಿನ್ನದ ಗೆರೆ. ಹೆಸರು ‘ಲಕ್ ಆಫ್ ಈಡನ್‌ಹಾಲ್’. ಉತ್ತರ ಇಂಗ್ಲೆಂಡಿನ ಮಸ್‌ಗ್ರೇವ್ ಮನೆತನ ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಲೋಟ ಅದು. ಬಾವಿಯ ಬಳಿ ಸೇರಿದ್ದ ಕಿನ್ನರಿಯರು ಅದನ್ನು ಬಿಟ್ಟು ಓಡಿಹೋದರು, ಅದು ಒಡೆದರೆ ಮನೆತನದ ಅದೃಷ್ಟವೂ ಹೋಗುತ್ತದೆ ಎಂಬುದು ಅಲ್ಲಿನ ಐತಿಹ್ಯ. ನಿಜದಲ್ಲಿ ಅದು 13 ಅಥವಾ 14ನೇ ಶತಮಾನದಲ್ಲಿ ಸಿರಿಯಾದಲ್ಲೋ ಈಜಿಪ್ಟಿನಲ್ಲೋ ತಯಾರಾದದ್ದು. ಅರಬ್ ನಾಡಿನ ಕೆಲಸಗಾರನಿಗಿಂತ ಕಿನ್ನರಿಯೇ ಹೆಚ್ಚು ನಂಬಲರ್ಹಳು ಎನಿಸಿದ್ದು ಸೋಜಿಗ.

ಇಂದು ಕಿನ್ನರಿಯ ಜಾಗಕ್ಕೆ ‘ಪ್ರಭಾವ’ ಎಂಬ ಪದ ಬಂದಿದೆ. ಯುರೋಪಿನ ಗಾಜಿನ ಮೇಲೆ ಇಸ್ಲಾಮಿಕ್ ಪ್ರಭಾವ ಎಂದು ಹೇಳಿ ಮುಗಿಸಿಬಿಡುತ್ತಾರೆ. ಸುಳ್ಳಲ್ಲ, ಆದರೆ ಸಾಲದು. ಪ್ರಭಾವ ಎಂದರೆ ಗಾಳಿಯಲ್ಲಿ ತೇಲಿಬಂದ ಪರಿಮಳದ ಹಾಗೆ. ಅದಕ್ಕೆ ಸುಂಕ ಬೀಳುವುದಿಲ್ಲ, ಅದನ್ನು ಯಾರೂ ಹೊರಬೇಕಾಗಿಲ್ಲ.

ಆದರೆ ಸುಂಕ ಬಿದ್ದಿತ್ತು. 1277ರಲ್ಲಿ ವೆನಿಸ್‌ನ ಡೋಜ್ ಮತ್ತು ನಾಮಮಾತ್ರಕ್ಕೆ ಅಂಟಿಯೋಕ್‌ನ ಕ್ರೈಸ್ತ ದೊರೆಯಾಗಿದ್ದ ಏಳನೆಯ ಬೊಹೆಮಂಡ್ ಮಾಡಿಕೊಂಡ ಒಪ್ಪಂದದಲ್ಲಿ, ಇಂದಿನ ಲೆಬನಾನ್‌ನ ಟ್ರಿಪೋಲಿಯಿಂದ ಸಾಗಿಸುವ ಒಡೆದ ಗಾಜಿನ ಸುಂಕದ ಮಾತಿದೆ. ಒಡಕು ಗಾಜು ಕುಲುಮೆಗೆ ಕಚ್ಚಾವಸ್ತು. ಗಾಜು ಕರಗಿಸಲು ಬೇಕಾದ ಗಿಡದ ಬೂದಿಯೂ ಸಿರಿಯಾ, ಈಜಿಪ್ಟ್ ಕಡೆಯಿಂದ ಹಡಗಿನಲ್ಲಿ ಬರುತ್ತಿತ್ತು. 1291ರಲ್ಲಿ ವೆನಿಸ್ ತನ್ನ ಕುಲುಮೆಗಳನ್ನು ಮುರಾನೋ ದ್ವೀಪಕ್ಕೆ ಕಳಿಸಿತು. ಜಗತ್ತು ಮೆಚ್ಚಿದ ಆ ಗಾಜಿನ ಒಡಲಿನಲ್ಲೇ ಲೆವಾಂಟಿನ ಬೂದಿ ಇತ್ತು.

ಎನಾಮೆಲ್ ಕೆಲಸವೂ ಹಾಗೆಯೇ. ಬಣ್ಣದ ಗಾಜನ್ನು ನುಣ್ಣಗೆ ಅರೆದು, ಕಲಸಿ, ಪಾತ್ರೆಯ ಮೇಲೆ ಬರೆದು, ಮತ್ತೆ ಬೆಂಕಿಗಿಡಬೇಕು. ಮೇಲಿನ ಬಣ್ಣ ಕರಗಬೇಕು, ಕೆಳಗಿನ ಪಾತ್ರೆ ಕುಸಿಯಬಾರದು. ಮಾಮ್ಲೂಕರ ಕಾಲದ ಮಸೀದಿ ದೀಪಗಳಲ್ಲಿ ಈ ಅಂದಾಜು ಪರಾಕಾಷ್ಠೆಗೇರಿತ್ತು. ಇಂಥದ್ದು ದೂರದಿಂದ ಸೋಕುವುದಲ್ಲ. ಕೈ ಸುಟ್ಟುಕೊಂಡು ಕಲಿಯಬೇಕಾದ ವಿದ್ಯೆ.

ಹಾಗೆಂದು ಮುರಾನೋದವರು ಬರೀ ನಕಲು ಮಾಡಿದರು ಎನ್ನುವುದೂ ಅನ್ಯಾಯ. 15ನೇ ಶತಮಾನದಲ್ಲಿ ಆಂಜೆಲೊ ಬರೋವಿಯೆರ್ ಹೆಸರಿನೊಂದಿಗೆ ತಳುಕು ಹಾಕಿಕೊಂಡಿರುವ ‘ಕ್ರಿಸ್ಟಾಲೋ’, ಅಂದರೆ ಸ್ಫಟಿಕದಂಥ ತಿಳಿಗಾಜು, ಅವರದೇ ಸಾಧನೆ. ಅದೇ ಬೂದಿಯನ್ನು ಶುದ್ಧಿಮಾಡಿ ಅವರು ಅದನ್ನು ಪಡೆದರು. ಆಮೇಲೆ ದಾರಿ ತಿರುಗಿತು. 1569ರಲ್ಲಿ ಆಟೊಮನ್ ಮಹಾವಜೀರ ಸೊಕೊಲ್ಲು ಮೆಹಮದ್ ಪಾಷಾನಿಗಾಗಿ 900 ಮಸೀದಿ ದೀಪ ಬೇಕೆಂದು ಇಸ್ತಾಂಬುಲ್‌ನಲ್ಲಿದ್ದ ವೆನಿಸ್ ಪ್ರತಿನಿಧಿ ಮಾರ್ಕಾಂಟೋನಿಯೊ ಬಾರ್ಬರೊ ಚಿತ್ರಗಳ ಸಮೇತ ಬೇಡಿಕೆ ಕಳಿಸಿದ. ಮರುವರ್ಷವೇ ಸೈಪ್ರಸ್‌ಗಾಗಿ ಎರಡೂ ಕಡೆಯವರು ಯುದ್ಧಕ್ಕಿಳಿದರು. 19ನೇ ಶತಮಾನದಲ್ಲಿ ಪ್ಯಾರಿಸ್ಸಿನ ಫಿಲಿಪ್-ಜೋಸೆಫ್ ಬ್ರೊಕಾರ್ ಹಳೆಯ ಮಸೀದಿ ದೀಪಗಳನ್ನು ಅಭ್ಯಾಸ ಮಾಡಿ ಆ ಕಲೆಗೆ ಮರುಜೀವ ಕೊಟ್ಟು, 1867ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ತನ್ನ ಕೆಲಸ ತೋರಿಸಿದ.

ಇಷ್ಟೆಲ್ಲ ಓಡಾಟವನ್ನು ‘ಪ್ರಭಾವ’ ಎಂದರೆ ಒಬ್ಬ ಕೊಡುವವ, ಇನ್ನೊಬ್ಬ ಪಡೆಯುವವ ಎಂದಷ್ಟೇ ಉಳಿಯುತ್ತದೆ. ಕಲೆಗೆ ಒಂದೇ ಧರ್ಮದ, ಒಂದೇ ದೇಶದ ಚೀಟಿ ಅಂಟಿಸುವವರಿಗೆ ಅದು ಅನುಕೂಲ. ಬೂದಿ ಎಲ್ಲಿಯದು, ಕುಲುಮೆ ಯಾರದು, ದೀಪ ಯಾವ ಮಸೀದಿಗೆ ಎಂದು ಬಿಡಿಸಿ ಬರೆಯಲು ಮ್ಯೂಸಿಯಮ್ಮಿನ ಫಲಕದಲ್ಲಿ ಎರಡು ಸಾಲು ಹೆಚ್ಚು ಬೇಕಾದೀತು, ಅಷ್ಟೇ. ಹೆಸರು ಸಿಗದ ಕೆಲಸಗಾರನಿಗೆ ಕನಿಷ್ಠ ಊರನ್ನಾದರೂ ಹಿಂದಿರುಗಿಸಬಹುದು.