ಶಾಲೆಯ ಮೂಲೆಯಲ್ಲೊಂದು ಸರ್ವರ್

ಶಿಕ್ಷಕ ಮಿತ್ರರೇ, ‘ಇಂಟರ್ನೆಟ್ ಇಲ್ಲ, ಹಾಗಾಗಿ ಕಂಪ್ಯೂಟರ್ ಪಾಠವೂ ಇಲ್ಲ’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಸರ್ವರ್ ಎಂದರೆ ಕೇಳಿದ ಪುಟವನ್ನು ಕಳುಹಿಸಿಕೊಡುವ ಒಂದು ತಂತ್ರಾಂಶ, ಅಷ್ಟೆ. 1990ರಲ್ಲಿ ಟಿಮ್ ಬರ್ನರ್ಸ್-ಲೀ ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಮೊದಲ ವೆಬ್ ಸರ್ವರ್ ನಡೆಸಿದ್ದು ಒಂದೇ ಒಂದು ಗಣಕದಲ್ಲಿ. ಯಾರೂ ಆರಿಸದಿರಲೆಂದು ಅದರ ಮೇಲೆ ಚೀಟಿ ಅಂಟಿಸಿದ್ದರು!

ನಿಮ್ಮ ಶಾಲೆಯ ಹಳೆಯ ಗಣಕಕ್ಕೆ ಉಚಿತವಾಗಿ ಸಿಗುವ ಅಪಾಚೆ ತಂತ್ರಾಂಶ ಹಾಕಿ. ಅದೇ ಗಣಕದ ಬ್ರೌಸರಿನಲ್ಲಿ 127.0.0.1 ಎಂದು ಬರೆದರೆ ಪುಟ ತೆರೆದುಕೊಳ್ಳುತ್ತದೆ. ಆ ವಿಳಾಸಕ್ಕೆ ‘ನಾನೇ’ ಎಂದರ್ಥ. ವೈಫೈ ರೂಟರ್ ಒಂದಿದ್ದರೆ ಪಕ್ಕದ ಕೋಣೆಯವರೂ, ಸಾಮಾನ್ಯವಾಗಿ 192.168 ಎಂದು ಆರಂಭವಾಗುವ ವಿಳಾಸದಿಂದ, ನೋಡಬಹುದು. ಮಕ್ಕಳು ಬರೆದಿಟ್ಟ ಮಳೆಯ ಲೆಕ್ಕ, ಅಂಗಳಕ್ಕೆ ಬರುವ ಹಕ್ಕಿಗಳ ಪಟ್ಟಿ ಅಲ್ಲಿರಲಿ. ಕರೆಂಟ್ ಹೋದಾಗ ಪುಟವೂ ಮಾಯವಾದರೆ ಬೇಸರ ಬೇಡ. ವೆಬ್ ಪುಟ ಆಕಾಶದಲ್ಲಿಲ್ಲ, ಯಾವುದೋ ಯಂತ್ರದಲ್ಲಿದೆ ಎಂದು ಮಕ್ಕಳಿಗೆ ಮನಗಾಣಿಸಲು ಅದಕ್ಕಿಂತ ಒಳ್ಳೆಯ ಸಂದರ್ಭ ಸಿಗದು.

ಆದರೆ ಇದೇ ಗಣಕವನ್ನು ನೇರವಾಗಿ ಜಗತ್ತಿಗೆ ತೆರೆದಿಡುವುದು ನನಗೆ ಸರಿಕಾಣದು. ತೆರೆದ ಸರ್ವರುಗಳನ್ನು ಕಿಡಿಗೇಡಿ ತಂತ್ರಾಂಶಗಳು ಹಗಲಿರುಳೂ ತಡಕುತ್ತಿರುತ್ತವೆ. ಊರಾಚೆಗೂ ತೋರಿಸಬೇಕೆನಿಸಿದರೆ ಹೋಸ್ಟಿಂಗ್ ಸೇವೆಯಲ್ಲಿ ಜಾಗ ಪಡೆಯಿರಿ. ಮಕ್ಕಳ ಹೆಸರು, ಫೋಟೊ ಮಾತ್ರ ಶಾಲೆಯ ಗಣಕದಲ್ಲೇ ಉಳಿಯಲಿ.